ಪೈಪು ಸೀಳುವ ಮಣೆ

ರಬ್ಬರ್ ಪೈಪನ್ನು ಅಡ್ಡಕ್ಕೆ ಕತ್ತರಿಸಲು ಯಾರಿಗಾದರೂ ಬರುತ್ತದೆ. ಉದ್ದಕ್ಕೆ ಸೀಳಲು ಹೇಳಿ ನೋಡಿ, ಆಗ ಕೈಯ ಬಂಡವಾಳ ಗೊತ್ತಾಗುತ್ತದೆ. ಈ ತುದಿಯಿಂದ ಆ ತುದಿಗೆ ಸೀಳು ನೂಲು ಹಿಡಿದಷ್ಟು ನೇರ ಬರಬೇಕು. ಕೈ ಸ್ವಲ್ಪ ತಿರುಗಿದರೂ ಅದು ಬಳ್ಳಿಯ ಹಾಗೆ ಪೈಪನ್ನು ಸುತ್ತಿಕೊಂಡು ಹೋಗುತ್ತದೆ. ಮತ್ತೆ ಆ ಪೈಪು ಕಾರಿಗೂ ಆಗದು, ಗಿಡಕ್ಕೆ ನೀರು ಬಿಡಲೂ ಆಗದು. ನನ್ನ ಪ್ರಾಯದ ಹಲವು ವರ್ಷಗಳು ಈ ಕೆಲಸದಲ್ಲೇ ಹೋದವು. ಹೆಮ್ಮೆಯಿಂದ ಹೇಳುತ್ತಿಲ್ಲ. ಈ ಕೆಲಸದಲ್ಲಿ ನಾನು ಮಾಡಿದ ಒಂದು ತಪ್ಪಿಗೆ ಬೇರೊಬ್ಬರು ಇಪ್ಪತ್ತು ವರ್ಷ ದುಡಿದ ಜಾಗ ಬಿಟ್ಟು ಹೋದರು. ನಾನು ಬಾಯಿ ಮುಚ್ಚಿಕೊಂಡು ನೋಡಿದೆ. ಅದನ್ನು ಬರೆಯಲು ಕೂತಿದ್ದೇನೆ.

ನಮ್ಮ ಮನೆ ಕೊಡಿಯಾಲ್‌ಬೈಲಿನ ಒಂದು ಓಣಿಯಲ್ಲಿತ್ತು. ಮನೆಯ ಹಿಂದಿನ ಹೆಂಚಿನ ಶೆಡ್ಡಿನಲ್ಲಿ ಪಪ್ಪ ಹಳೆಯ ಕಾರುಗಳನ್ನು ಮತ್ತೆ ರಸ್ತೆಗಿಳಿಯುವ ಹಾಗೆ ಮಾಡುತ್ತಿದ್ದರು. ತೋಟದ ದೊರೆಗಳು ಬಿಟ್ಟುಹೋದ ಇಂಗ್ಲಿಷ್ ಕಾರುಗಳು, ಯಾರದೋ ಅಜ್ಜ ಮದ್ರಾಸಿನಿಂದ ತರಿಸಿ ಕೊನೆಗೆ ಕೋಳಿ ಕೂರಲು ಬಿಟ್ಟ ಕಾರುಗಳು ಅಲ್ಲಿಗೆ ಬರುತ್ತಿದ್ದವು. ಎಪ್ಪತ್ತರ ದಶಕದಲ್ಲಿ ಅವುಗಳ ಬಿಡಿಭಾಗ ಹುಡುಕುವುದೆಂದರೆ ಸಾಕೋಸಾಕು. ತಗಡನ್ನು ಬಡಿದು ಸರಿ ಮಾಡಬಹುದು, ಇಂಜಿನಿಗೆ ಬೇಕಾದದ್ದನ್ನು ಲೇತಿನಲ್ಲಿ ಕಡೆಸಬಹುದು. ಆದರೆ ಬಾಗಿಲಿನ ಅಂಚಿಗೆ, ಬಾನೆಟ್ ಬಂದು ಕೂರುವಲ್ಲಿಗೆ, ಪೆಟ್ರೋಲ್ ಟ್ಯಾಂಕಿನ ಪಟ್ಟಿಯ ಅಡಿಗೆ ಇರಬೇಕಾದ ರಬ್ಬರು? ಅದು ಒಣಗಿ, ಮುಟ್ಟಿದರೆ ಹಪ್ಪಳದ ಹಾಗೆ ಪುಡಿಯಾಗುತ್ತಿತ್ತು. ಹೊಸತು ಎಲ್ಲೂ ಸಿಗುತ್ತಿರಲಿಲ್ಲ. ರಬ್ಬರಿಲ್ಲದ ಕಾರಿಗೆ ಎಷ್ಟು ಚಂದ ಬಣ್ಣ ಹೊಡೆದರೂ ರಸ್ತೆಗಿಳಿದ ಕೂಡಲೇ ಅದು ಪಾತ್ರೆ ತುಂಬಿದ ಗೋಣಿಯಂತೆ ಸದ್ದು ಮಾಡುತ್ತದೆ.

ಪಪ್ಪ ಕಂಡುಕೊಂಡ ದಾರಿ ಪೈಪು. ಬಂದರ್‌ನ ಗುಜರಿ ಅಂಗಡಿಗಳಲ್ಲಿ ದೋಣಿಗಳಿಗೆಂದು ತಂದ ರಬ್ಬರ್ ಪೈಪು ಎಲ್ಲ ಅಳತೆಯಲ್ಲೂ ಸಿಗುತ್ತಿತ್ತು. ಅದನ್ನು ಉದ್ದಕ್ಕೆ ಸೀಳಿ, ಸೀಳಿದ ಬಾಯಿಯನ್ನು ಅಗಲಿಸಿ ತಗಡಿನ ಅಂಚಿಗೆ ಏರಿಸಿದರೆ ಅದು ಅಂಚನ್ನು ಕಚ್ಚಿ ಹಿಡಿಯುತ್ತದೆ. ಇದಕ್ಕೆಂದೇ ಅವರು ಹಲಸಿನ ಹಲಗೆಯಲ್ಲಿ ಒಂದು ಮಣೆ ಮಾಡಿದ್ದರು. ಕಾಯಿ ತುರಿಯುವ ಮಣೆಯಷ್ಟೇ ದೊಡ್ಡದು. ನಡುವೆ ಪೈಪು ಕೂರಲು ಉದ್ದನೆಯ ತಗ್ಗು, ಅದರ ಮೇಲೆ ಹ್ಯಾಕ್ಸಾ ಬ್ಲೇಡನ್ನು ಮಸೆದು ಕೂರಿಸಿದ ಅಲಗು, ಅಲಗಿನ ಅಡಿಯಲ್ಲಿ ಪೈಪಿನ ಹೊಟ್ಟೆಯೊಳಗೆ ಹೋಗುವ ಒಂದು ಸಣ್ಣ ಸರಳು. ಪೈಪನ್ನು ಸರಳಿಗೆ ಪೋಣಿಸಿ, ತುದಿಯನ್ನು ನಾಲ್ಕು ಬೆರಳಷ್ಟು ಚಾಕುವಿನಿಂದ ಸೀಳಿ, ಅಲ್ಲಿ ಹಿಡಿದು ನಮ್ಮ ಕಡೆಗೆ ಎಳೆಯಬೇಕು.

ಹೇಳಲು ಇಷ್ಟೇ. ಮಾಡಲು ಪಪ್ಪನದ್ದೇ ಕೆಲವು ಕಟ್ಟುಪಾಡುಗಳಿದ್ದವು. ಸುತ್ತಿಟ್ಟ ಪೈಪನ್ನು ಮೊದಲು ಒಂದು ದಿನ ಅಂಗಳದ ಬಿಸಿಲಿನಲ್ಲಿ ಮಲಗಿಸಬೇಕು. ಅದರ ಬಾಗಿನ ಒಳಬದಿಯಲ್ಲೇ ಸೀಳಬೇಕು, ಆಗ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಎಳೆಯುವಾಗ ನಡುವೆ ನಿಲ್ಲಬಾರದು, ನಿಂತಲ್ಲಿ ಗಾಯವಾಗಿ ಮುಂದೆ ಅಲ್ಲಿಂದಲೇ ರಬ್ಬರು ಹರಿಯುತ್ತದೆ. ಎಳೆತ ಒಂದೇ ಸಮ ಇರಲೆಂದು ಅವರು ಕೊಂಕಣಿಯಲ್ಲಿ ‘ನಮಾನ್ ಮರಿಯೆ’ ಪ್ರಾರ್ಥನೆ ಹೇಳಿಕೊಳ್ಳುತ್ತಾ ಎಳೆಯುತ್ತಿದ್ದರು. ಒಂದು ಪ್ರಾರ್ಥನೆಗೆ ಒಂದು ಮೊಳ. ಕೊನೆಯದಾಗಿ, ಅಲಗು ಹಿಡಿಯದೆ ಜಾರಲು ಸೋಪಿನ ನೀರು. ‘ಸೋಪಿನ ನೀರು ಮಾತ್ರ. ಬೇರೆ ಎಂತದೂ ಬೇಡ’ ಎನ್ನುತ್ತಿದ್ದರು. ಯಾಕೆ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಪಪ್ಪನ ಜೊತೆ ಇಪ್ಪತ್ತು ವರ್ಷದಿಂದ ಇದ್ದವರು ವೈರಿಂಗ್ ಮಾಡುವ ಕಾಕ. ಬೆಂಗ್ರೆಯ ಬ್ಯಾರಿ ಮುಸ್ಲಿಮರು. ಬೆಳಿಗ್ಗೆ ದೋಣಿಯಲ್ಲಿ ಹೊಳೆ ದಾಟಿ ಬಂದರ್‌ನಲ್ಲಿ ಇಳಿದು, ಅಲ್ಲಿಂದ ನಡೆದೇ ನಮ್ಮಲ್ಲಿಗೆ ಬರುತ್ತಿದ್ದರು. ಪಪ್ಪನನ್ನು ಅವರು ಕರೆಯುತ್ತಿದ್ದದ್ದು, ನಮ್ಮ ಊರಿನಲ್ಲಿ ಕ್ರಿಶ್ಚಿಯನ್ ಹಿರಿಯರನ್ನು ಎಲ್ಲರೂ ಕರೆಯುವ ಹಾಗೆ, ಪೊರ್ಬುಗಳು ಎಂದು. ನನ್ನನ್ನು ಬಾಯಿ ಎಂದು. ಅದು ನಮ್ಮಲ್ಲಿ ಹೆಣ್ಣುಮಕ್ಕಳನ್ನು ಪ್ರೀತಿಯಿಂದ ಕರೆಯುವ ಹೆಸರು. ಪಪ್ಪ, ಕಾಕ ಇಬ್ಬರ ಮಾತೂ ಅರ್ಧ ತುಳು, ಅರ್ಧ ಕನ್ನಡ.

‘ಪೊರ್ಬುಗಳೇ, ಈ ಬಾಗಿಲಿಗೆ ಎಷ್ಟು ಪ್ರಾರ್ಥನೆ ಆಯ್ತು?’

‘ಹದಿನಾಲ್ಕು. ನಿನ್ನ ವೈರಿಂಗಿಗೆ ಒಂದಾದ್ರೂ ಹೇಳು ಮಾರಾಯ.’

‘ನನ್ನ ವೈರಿಂಗಿಗೆ ಬೇಡ. ಅದಕ್ಕೆ ಟೇಪು ಉಂಟು.’

ದಿನಕ್ಕೊಮ್ಮೆಯಾದರೂ ಇಂಥ ಮಾತು ಆಗಲೇಬೇಕು. ರಮ್‌ಜಾನ್ ತಿಂಗಳಲ್ಲಿ ಪಪ್ಪ ಶೆಡ್ಡಿನಲ್ಲಿ ಚಹಾ ಕುಡಿಯುತ್ತಿರಲಿಲ್ಲ, ಕಳ್ಳನ ಹಾಗೆ ಅಡುಗೆಮನೆಗೆ ಬಂದು ಕುಡಿದು ಹೋಗುತ್ತಿದ್ದರು. ಕ್ರಿಸ್ಮಸ್ಸಿಗೆ ನಾವು ಮಾಡುವ ಕುಸ್ವಾರ್ ತಿಂಡಿಗಳ ಮೊದಲ ತಟ್ಟೆ ಬೆಂಗ್ರೆಗೆ. ಅಮ್ಮ ಇದ್ದಾಗಿನಿಂದ ನಡೆದು ಬಂದದ್ದು ಅದು. ಅಮ್ಮ ತೀರಿಹೋದ ಮೇಲೆ ನಾನು ಬಿಡದೆ ನಡೆಸಿದೆ.

ಎಪ್ಪತ್ತರ ದಶಕ ಅರ್ಧ ದಾಟುವಾಗ ಪಪ್ಪನ ಬಲಗೈ ನಡುಗಲು ಸುರುವಾಯಿತು. ಮೊದಲು ಚಹಾದ ಲೋಟದಲ್ಲಿ ಗೊತ್ತಾಯಿತು, ಆಮೇಲೆ ಸೀಳಿದ ಪೈಪಿನಲ್ಲಿ. ಅಣ್ಣ ಗಲ್ಫಿಗೆ ಹೋಗಿದ್ದ. ನನ್ನ ಜೊತೆಯ ಹುಡುಗಿಯರು ಟೀಚರು, ನರ್ಸು ಆಗಿ ಎಲ್ಲೆಲ್ಲೋ ಹೋಗಿದ್ದರು. ನನಗೆ ಶೆಡ್ಡಿನ ಗ್ರೀಸಿನ ವಾಸನೆಯೇ ಹಿತವಾಗಿತ್ತು. ನನ್ನನ್ನು ನೋಡಲು ಬಂದ ಒಂದು ಗಂಡಿನ ಕಡೆಯವರು ನನ್ನ ಉಗುರು ನೋಡಿಯೇ ಚಹಾ ಪೂರ್ತಿ ಕುಡಿಯದೆ ಎದ್ದು ಹೋಗಿದ್ದರು. ನನಗೆ ಅದರಲ್ಲಿ ಬೇಸರವೇನೂ ಆಗಲಿಲ್ಲ. ಮಣೆ ನನ್ನ ಕೈಗೆ ಬಂತು.

ಆದರೆ ಅದು ಹೊರಗೆ ಗೊತ್ತಾಗಬಾರದಿತ್ತು. ‘ಪೊರ್ಬುಗಳ ಕೈ’ ಎಂದು ನಂಬಿ ಜನ ಕಾರು ತಂದು ಬಿಡುತ್ತಿದ್ದದ್ದು. ಆ ಕೈ ನಡುಗುತ್ತದೆ, ಈಗ ಮಗಳು ಕೊಯ್ಯುವುದು ಎಂದು ತಿಳಿದರೆ ಯಾರು ಬರುತ್ತಾರೆ? ಪಪ್ಪ ಮಣೆಯನ್ನು ಶೆಡ್ಡಿನಿಂದ ಅಡುಗೆಮನೆಯ ಹಿಂದಿನ ಜಗಲಿಗೆ ತಂದಿಟ್ಟರು. ಕಾಕನಿಗೂ ಹೇಳಬೇಡ ಎಂದರು. ಗೆಳೆಯನ ಎದುರು ಸಣ್ಣವರಾಗಲು ಅವರಿಗೆ ಮನಸ್ಸಿರಲಿಲ್ಲ. ಕೈ ನಡುಗುವುದನ್ನು ಕಾಕ ನೋಡುತ್ತಿದ್ದರು, ನೋಡದ ಹಾಗೆ ಇರುತ್ತಿದ್ದರು. ಪೊರ್ಬುಗಳು ಒಳಗೆ ಕೂತು ನಿಧಾನಕ್ಕೆ ಕೊಯ್ಯುತ್ತಾರೆ ಎಂದೇ ಅವರ ಎಣಿಕೆ. ಯಾರು ಕೇಳಿದರೂ ‘ಪಪ್ಪನೇ ಕೊಯ್ದದ್ದು’ ಎನ್ನಲು ನಾನು ಕಲಿತೆ. ಆ ಸುಳ್ಳು ನನಗೆ ಸುಳ್ಳು ಅನಿಸುತ್ತಲೇ ಇರಲಿಲ್ಲ.

ಆ ವರ್ಷ ನಗರದಲ್ಲಿ ಹೋಟೆಲ್ ಇಟ್ಟಿದ್ದ ಒಬ್ಬ ಧಣಿಗಳ ಕಾರು ಬಂತು. ಅವರ ತಂದೆಯ ಕಾಲದ್ದು. ಮನೆಯ ಗದ್ದೆಗಳೆಲ್ಲ ಗೇಣಿ ಮಾಡಿದವರಿಗೆ ಹೋದ ಮೇಲೆ ತಂದೆಯದೆಂದು ಉಳಿದದ್ದು ಅದೊಂದೇ ಎನ್ನುತ್ತಿದ್ದರು. ಮಗಳನ್ನು ಮದುವೆಯ ದಿನ ಅದೇ ಕಾರಿನಲ್ಲಿ ಕಳಿಸಿಕೊಡಬೇಕೆಂದು ಅವರ ಆಸೆ. ನಾಲ್ಕು ತಿಂಗಳು ಕೆಲಸ ನಡೆಯಿತು. ಬಣ್ಣ, ಸೀಟು, ಬಾಗಿಲಿನ ರಬ್ಬರು ಎಲ್ಲ ಆಯಿತು. ಸೋಮವಾರ ಕಾರು ಕೊಡಬೇಕು, ಶನಿವಾರ ಪಪ್ಪನಿಗೆ ಜ್ವರ.

ಉಳಿದದ್ದು ಒಂದೇ ಜಾಗ. ಇಂಜಿನಿಗೂ ಡ್ಯಾಶ್‌ಬೋರ್ಡಿಗೂ ನಡುವೆ ಒಂದು ತಗಡಿನ ಗೋಡೆ ಇರುತ್ತದೆ. ವೈರಿನ ಕಟ್ಟು ಆಚೆಯಿಂದ ಈಚೆ ಬರಲು ಅದರಲ್ಲಿ ಅಂಗೈ ತೂರುವಷ್ಟು ತೂತು. ತೂತಿನ ಅಂಚು ಕತ್ತಿಯ ಬಾಯಿಯ ಹಾಗೆ. ಅದಕ್ಕೆ ಸುತ್ತಲೂ ಸೀಳಿದ ಪೈಪು ಏರಿಸದಿದ್ದರೆ ಕಾರು ಅಲುಗಿದಷ್ಟೂ ತಗಡು ವೈರನ್ನು ಕೊಯ್ಯುತ್ತಾ ಹೋಗುತ್ತದೆ. ಅಲ್ಲಿಗೆ ಪಪ್ಪ ತಂದಿಟ್ಟದ್ದು ಒಳಗೆ ಬಟ್ಟೆಯ ಪದರವಿದ್ದ ದಪ್ಪ ಪೈಪು. ಬೆಳಿಗ್ಗೆಯಿಂದ ಎರಡು ತುಂಡು ಹಾಳು ಮಾಡಿದ್ದೆ. ಅಲಗು ಬಟ್ಟೆಗೆ ಸಿಕ್ಕಿ ನಿಲ್ಲುತ್ತಿತ್ತು, ನಾನು ಜಗ್ಗುತ್ತಿದ್ದೆ, ಸೀಳು ವಕ್ರ ಹೋಗುತ್ತಿತ್ತು. ಸೋಪಿನ ನೀರು ಅಂಗೈಯ ಗಾಯಕ್ಕೆ ತಾಗಿ ಉರಿಯುತ್ತಿತ್ತು. ಒಳಗಿಂದ ಪಪ್ಪ ಕೆಮ್ಮುತ್ತಾ, ‘ಆಯ್ತಾ?’ ಎಂದು ಮೂರನೆಯ ಸಲ ಕೇಳಿದರು. ನನಗೆ ತಲೆ ಕೆಟ್ಟು ಹೋಯಿತು.

ನಮ್ಮೂರಿನಲ್ಲಿ ತೆಂಗಿನೆಣ್ಣೆಗೆ ಬಾರದ ಕೆಲಸ ಇಲ್ಲ. ತಲೆಗೆ ಅದು, ಬಾಣಲೆಗೆ ಅದು, ಮಗುವಿನ ಮೈಗೆ ಅದು, ಹಲಸಿನ ಹಣ್ಣು ಬಿಡಿಸುವಾಗ ಕೈಗೆ ಮೇಣ ಅಂಟದಿರಲು ಅದು, ಕಿರುಗುಟ್ಟುವ ಬಾಗಿಲಿಗೂ ಅದೇ. ಅಡುಗೆಮನೆಯ ಬಾಟಲಿ ಮೂರು ಹೆಜ್ಜೆ ದೂರ ಇತ್ತು. ತಂದು ಅಲಗಿಗೆ, ಪೈಪಿಗೆ, ಸರಳಿಗೆ ಧಾರಾಳ ಸುರಿದೆ. ಎಳೆದೆ. ಏನು ಹೇಳಲಿ, ಬಾಳೆದಿಂಡು ಸೀಳಿದ ಹಾಗೆ ಬಂತು. ಪ್ರಾರ್ಥನೆಯೂ ಬೇಕಾಗಲಿಲ್ಲ. ಅಷ್ಟು ನೇರ ಸೀಳನ್ನು ನಾನು ಅದಕ್ಕೆ ಮೊದಲು ಕೊಯ್ದಿರಲಿಲ್ಲ. ಇಷ್ಟು ವರ್ಷ ಪಪ್ಪನಿಗೆ ಇದು ಹೊಳೆಯಲಿಲ್ಲವಲ್ಲ ಎಂದು ಒಳಗೊಳಗೇ ಬೀಗಿದೆ. ಬೇಕಾದಷ್ಟು ತುಂಡರಿಸಿ ತೂತಿನ ಅಂಚಿಗೆ ಏರಿಸಿ, ಉಳಿದದ್ದನ್ನು ಶೆಡ್ಡಿನ ಮೂಲೆಯ ಮೊಳೆಗೆ ತೂಗುಹಾಕಿದೆ. ಸೋಪು ಇತ್ತು, ನೀರು ಇತ್ತು, ನನ್ನಲ್ಲಿ ಇಲ್ಲದ್ದು ತಾಳ್ಮೆ ಮಾತ್ರ.

ಭಾನುವಾರ ಕಾಕ ಬಂದು ವೈರು ಎಳೆದರು. ತೂತಿನ ಸುತ್ತ ಬೆರಳಾಡಿಸಿ, ‘ಇದು ಯಾರು ಕೊಯ್ದದ್ದು? ಪೊರ್ಬುಗಳಾ?’ ಎಂದು ಕೇಳಿದರು.

‘ಹೌದು, ಪಪ್ಪನೇ’ ಎಂದೆ.

‘ಜ್ವರದಲ್ಲಾ?’

‘ಜ್ವರದಲ್ಲೇ.’

ಅವರು ಬಟ್ಟೆಯಿಂದ ಆ ಪೈಪನ್ನು ಒಂದೆರಡು ಸಲ ಒರೆಸಿ ಕೆಲಸ ಮುಂದುವರಿಸಿದರು. ಕಾರು ಹೋಯಿತು, ಮದುವೆ ಆಯಿತು, ಧಣಿಗಳು ಒಂದು ದೊಡ್ಡ ಪೊಟ್ಟಣ ಹೋಳಿಗೆ ಕಳಿಸಿದರು.

ಆ ಸಲದ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಆ ಕಾರನ್ನು ಹಗ್ಗ ಕಟ್ಟಿ ಎಳೆದು ತಂದರು. ಓಡುತ್ತಿರುವಾಗ ಡ್ಯಾಶ್‌ಬೋರ್ಡಿನ ಅಡಿಯಿಂದ ಹೊಗೆ ಎದ್ದಿತ್ತಂತೆ. ಧಣಿಗಳೇ ಓಡಿಸುತ್ತಿದ್ದದ್ದು. ನಿಲ್ಲಿಸಿ, ಬಾನೆಟ್ ಎತ್ತಿ, ಉರಿಯುತ್ತಿದ್ದ ವೈರನ್ನು ಬರಿಗೈಯಲ್ಲಿ ಕಿತ್ತಿದ್ದರು. ಬಲ ಅಂಗೈ ಪೂರ್ತಿ ಸುಟ್ಟಿತ್ತು. ಬ್ಯಾಂಡೇಜು ಸುತ್ತಿದ ಕೈಯನ್ನು ಎದೆಗೆ ಆನಿಸಿಕೊಂಡು ಶೆಡ್ಡಿನಲ್ಲಿ ನಿಂತಿದ್ದರು. ಬೈದರೆ ಚೆನ್ನಾಗಿತ್ತು, ಅವರು ಬೈಯಲಿಲ್ಲ. ‘ಪೊರ್ಬುಗಳೇ, ನಿಮ್ಮನ್ನು ನಂಬಿ ಕೊಟ್ಟದ್ದು ನಾನು. ಮದುವೆಯ ದಿನ ನನ್ನ ಮಗಳು ಕೂತಿದ್ಲು ಇದರಲ್ಲಿ. ನಿಮ್ಮ ವೈರಿಂಗಿನವರು ಎಂತ ಮಾಡಿದ್ದು ಅಂತ ಒಮ್ಮೆ ನೋಡಿ’ ಎಂದರು.

ಪಪ್ಪ ಕಾಕನ ಕಡೆ ತಿರುಗಿದರು. ‘ತಗಡಿನ ಗೋಡೆಯ ಹತ್ತಿರ ವೈರು ಕಡಿದು ಜಾಯಿಂಟ್ ಕೊಟ್ಟಿದ್ದೆಯಾ?’

‘ಇಲ್ಲ ಪೊರ್ಬುಗಳೇ. ಅಲ್ಲಿ ಇಡೀ ವೈರು.’

ಪಪ್ಪ ನನ್ನತ್ತ ನೋಡಿದರು, ಧಣಿಗಳಿಗೂ ಕಾಕನಿಗೂ ತಿಳಿಯದ ಹಾಗೆ ಕೊಂಕಣಿಯಲ್ಲಿ ಕೇಳಿದರು, ‘ಪೈಪು ಸರಿ ಕಚ್ಚಿತ್ತಲ್ಲ?’

‘ಕಚ್ಚಿತ್ತು’ ಎಂದೆ. ಅದು ನಿಜವೇ. ಏರಿಸಿದ ದಿನ ಕಚ್ಚಿತ್ತು.

ಕಾಕ ಬಗ್ಗಿ ಆ ತೂತಿನ ಅಂಚಿಗೆ ಬೆರಳು ಹಾಕಿದರು. ಅಲ್ಲಿ ಪೈಪು ಇರಲಿಲ್ಲ, ಜಾರಿ ಕೆಳಗೆ ಬಿದ್ದು ಕರಟಿತ್ತು. ಅಂಚಿನಲ್ಲಿ ಕರಿ ಬೆಲ್ಲದ ಪಾಕದಂಥ ಏನೋ ಅಂಟಿಕೊಂಡಿತ್ತು. ಬೆರಳನ್ನು ಮೂಗಿಗೆ ಹಿಡಿದರು. ಆಮೇಲೆ ಅವರು ನೋಡಿದ್ದು ನನ್ನನ್ನಲ್ಲ, ಪಪ್ಪನ ಬಲಗೈಯನ್ನು. ಅದು ಎಂದಿಗಿಂತ ಹೆಚ್ಚು ನಡುಗುತ್ತಿತ್ತು. ಕಾಕ ಬೆರಳನ್ನು ಲುಂಗಿಗೆ ಒರೆಸಿಕೊಂಡರು.

‘ಆಗಿರಬಹುದು. ಅವಸರದಲ್ಲಿ ಜಾಯಿಂಟ್ ಕೊಟ್ಟಿರಬೇಕು. ನನ್ನದೇ ಕೈ ತಪ್ಪು’ ಎಂದರು.

ಧಣಿಗಳು ಕಾಯುತ್ತಿದ್ದರು. ಪಪ್ಪ ಗೋಡೆ ನೋಡುತ್ತಾ, ‘ಹಾಗಾದ್ರೆ ನಾಳೆಯಿಂದ ಬರುವುದು ಬೇಡ’ ಎಂದರು. ಕಾಕ ಟೆಸ್ಟರನ್ನೂ ಟೇಪಿನ ಸುರುಳಿಯನ್ನೂ ಚೀಲಕ್ಕೆ ಹಾಕಿಕೊಂಡು ಹೋದರು. ಇಪ್ಪತ್ತು ವರ್ಷದ ಸಾಮಾನು ಒಂದು ಬಟ್ಟೆಯ ಚೀಲಕ್ಕೆ ಸಾಕಾಯಿತು.

ಎಲ್ಲರೂ ಹೋದ ಮೇಲೆ ನಾನು ಮೂಲೆಯ ಮೊಳೆಯ ಹತ್ತಿರ ಹೋದೆ. ಅಲ್ಲಿ ಎರಡು ತುಂಡುಗಳಿದ್ದವು, ಒಂದು ಬಾಗಿಲಿಗೆಂದು ಸೋಪಿನ ನೀರಿನಲ್ಲಿ ಕೊಯ್ದು ಉಳಿದದ್ದು, ಒಂದು ಎಣ್ಣೆಯಲ್ಲಿ. ಮೊದಲನೆಯದರ ಬಾಯಿ ಇನ್ನೂ ಬಿಗಿಯಾಗಿ ಮುಚ್ಚಿತ್ತು. ಎರಡನೆಯದು ನೀರಿನಲ್ಲಿ ಬಿದ್ದ ರೊಟ್ಟಿಯಂತೆ ಊದಿ, ಬಾಯಿ ತೆರೆದು ಜೋತಿತ್ತು. ಹಿಡಿದರೆ ಬೆರಳಿಗೆ ಅಂಟಿತು. ತಣ್ಣಗಿನ ಮೂಲೆಯಲ್ಲೇ ಇದರ ಗತಿ ಹೀಗಾದರೆ, ಇಂಜಿನಿನ ಬಿಸಿಗೆ ಅಲ್ಲಿ ಏನಾಗಿರಬೇಕೆಂದು ಯಾರೂ ಹೇಳಬೇಕಾಗಿರಲಿಲ್ಲ. ಎಣ್ಣೆ ರಬ್ಬರನ್ನು ತಿನ್ನುತ್ತದೆ. ಪಪ್ಪ ಸೋಪಿನ ನೀರು ಮಾತ್ರ ಎಂದದ್ದು ಇದಕ್ಕೇ.

ಆಗ ಕಾಕ ಓಣಿಯ ತಿರುವು ದಾಟಿರಲಿಕ್ಕಿಲ್ಲ. ಓಡಿದರೆ ಸಿಗುತ್ತಿದ್ದರು. ನಾನು ಓಡಲಿಲ್ಲ. ಆ ತುಂಡನ್ನು ತೆಗೆದುಕೊಂಡು ಹೋಗಿ ಬಚ್ಚಲಿನ ಹಂಡೆಯ ಒಲೆಗೆ ಹಾಕಿದೆ. ಪಪ್ಪ ಒಳಗಿಂದ, ‘ಎಂತ ವಾಸನೆ ಅದು?’ ಎಂದು ಕೇಳಿದರು. ‘ಹಳೆ ಚಪ್ಪಲಿ’ ಎಂದೆ. ಎಣ್ಣೆ ಸುರಿದದ್ದು ತಪ್ಪು, ಇದು ಪಾಪ. ಎರಡಕ್ಕೂ ಇರುವ ವ್ಯತ್ಯಾಸ ಆ ಒಲೆಯ ಎದುರು ಕೂತಾಗಲೇ ನನಗೆ ಗೊತ್ತಿತ್ತು.

ಹೇಳಬಹುದಿತ್ತು. ಹೇಳಲು ಎಷ್ಟು ದಿನಗಳಿದ್ದವು! ಆದರೆ ಹೇಳಿದರೆ ಕೊಯ್ಯುವುದು ಮಗಳು ಎಂದು ಧಣಿಗಳಿಗೆ ಗೊತ್ತಾಗುತ್ತದೆ, ಪಪ್ಪನ ಕೈಯ ಸಂಗತಿ ಊರಿಗೆ ಗೊತ್ತಾಗುತ್ತದೆ, ಶೆಡ್ಡು ಮುಚ್ಚಬೇಕಾಗುತ್ತದೆ ಎಂದು ನನಗೆ ನಾನೇ ಲೆಕ್ಕಾಚಾರ ಹೇಳಿಕೊಂಡೆ. ಎಲ್ಲ ಸೊಗಸಾದ ಕಾರಣಗಳು. ನಿಜ ಏನೆಂದರೆ ನನಗೆ ಪಪ್ಪನ ಮುಖಕ್ಕೆ ಹೆದರಿಕೆ. ಕಾಕನೇ ಒಪ್ಪಿಕೊಂಡಿದ್ದಾರಲ್ಲ, ನಿಜವಾಗಿಯೂ ಜಾಯಿಂಟ್ ಇತ್ತೋ ಏನೋ ಎಂದು ಕೂಡ ಯೋಚಿಸಿದೆ. ಅದನ್ನು ನಂಬಲು ಬಹಳ ಪ್ರಯತ್ನಪಟ್ಟೆ. ತಪ್ಪೊಪ್ಪಿಗೆಗೆ ಇಗರ್ಜಿಗೆ ಹೋದಾಗಲೂ ‘ಸಿಟ್ಟು ಮಾಡಿದೆ, ಸುಳ್ಳು ಹೇಳಿದೆ’ ಎಂದು ಸಗಟಾಗಿ ಮುಗಿಸಿ ಬರುತ್ತಿದ್ದೆ.

ವೈರಿಂಗಿನವರು ಕಾರು ಸುಟ್ಟರು ಎಂಬ ಮಾತು ನಮ್ಮ ಓಣಿಯಲ್ಲಿ ನಿಲ್ಲಲಿಲ್ಲ. ಕಾಕನನ್ನು ಬೇರೆ ಯಾವ ಗ್ಯಾರೇಜಿನವರೂ ಕರೆಯಲಿಲ್ಲ. ಬೆಂಗ್ರೆಯಲ್ಲಿ ದೋಣಿಗಳಿಗೆ ದೀಪ ಹಾಕುತ್ತಾರೆಂದು ಯಾರೋ ಹೇಳಿದರು. ಪಪ್ಪನ ಕೆಲಸಕ್ಕೆ ಹೊಸಬರು ಬಂದರು, ಒಬ್ಬರೂ ಆರು ತಿಂಗಳು ನಿಲ್ಲಲಿಲ್ಲ. ಪಪ್ಪ ಎಲ್ಲರಲ್ಲೂ ಕುಂದು ಹುಡುಕುತ್ತಿದ್ದರು. ಊಟದ ನಡುವೆ ಇದ್ದಕ್ಕಿದ್ದ ಹಾಗೆ, ‘ಅವನು ಯಾಕೆ ಒಪ್ಪಿದ? ಜಗಳ ಮಾಡಿದ್ರೆ ನಾನು ಬಿಡ್ತಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಅವನು ಅಲ್ಲಿ ಜಾಯಿಂಟ್ ಕೊಟ್ಟದ್ದು ನಾನು ನೋಡ್ಲಿಲ್ಲ’ ಎನ್ನುತ್ತಿದ್ದರು. ನಾನು ಇನ್ನೊಂದು ಸೌಟು ಸಾರು ಬಡಿಸುತ್ತಿದ್ದೆ.

ಮೊದಲ ಕ್ರಿಸ್ಮಸ್ಸಿಗೆ ಪಪ್ಪ ಅಭ್ಯಾಸಬಲದಿಂದ ದೊಡ್ಡ ತಟ್ಟೆ ಇಳಿಸಿ, ಕಾಕನಿಗೆ ಇಷ್ಟವಾದ ಕುಲ್ಕುಲ್ ಎಲ್ಲ ಒಂದು ಬದಿಗೆ ಇಟ್ಟರು. ಆಮೇಲೆ ಅದನ್ನೇ ನೋಡುತ್ತಾ ನಿಂತು, ತಟ್ಟೆಯನ್ನು ಹಾಗೇ ಮೇಜಿನ ಮೇಲೆ ಬಿಟ್ಟು ಹೋಗಿ ಮಲಗಿದರು. ಆ ತಿಂಡಿಯನ್ನು ನಾನು ಮುಟ್ಟಲಿಲ್ಲ. ಇರುವೆ ಹತ್ತಿತು.

ಎಂಬತ್ತರ ದಶಕ ಬಂತು. ಪಪ್ಪನ ನಡುಕ ಕೈಯಿಂದ ಕುತ್ತಿಗೆಗೆ ಏರಿತು. ಶೆಡ್ಡಿನಲ್ಲಿ ಕೆಲಸ ಕಡಿಮೆಯಾಗುತ್ತಾ ಬಂದು ನಿಂತಿತು. ಕಾಕ ಹೋಗಿ ಐದು ವರ್ಷ ಆದ ಮೇಲೆ ಪಪ್ಪ ತೀರಿಕೊಂಡರು. ಮಣ್ಣು ಮಾಡುವ ದಿನ ಸಿಮೆಟ್ರಿಯ ಗೇಟಿನ ಹೊರಗೆ ಬಿಳಿ ಟೊಪ್ಪಿಯ ಒಬ್ಬರು ನಿಂತಿದ್ದದ್ದು ಕಂಡಿತು. ನಾನು ಮಣ್ಣು ಹಾಕಿ ತಿರುಗುವಾಗ ಇರಲಿಲ್ಲ.

ಇಗರ್ಜಿಯಲ್ಲಿ ಪಪ್ಪನ ತಿಂಗಳ ಪೂಜೆ ಮುಗಿದ ಮೇಲೆ ಒಂದು ಬೆಳಿಗ್ಗೆ ಮಣೆಯನ್ನು ಹಳೆಯ ಸೀರೆಯಲ್ಲಿ ಕಟ್ಟಿಕೊಂಡು ಬಂದರ್‌ಗೆ ಹೋಗಿ ದೋಣಿ ಹತ್ತಿದೆ. ಧೈರ್ಯ ಬಂತು ಎಂದು ಯಾರೂ ತಿಳಿಯುವುದು ಬೇಡ. ಹೆದರಲು ಮನೆಯಲ್ಲಿ ಯಾರೂ ಉಳಿದಿರಲಿಲ್ಲ, ಅಷ್ಟೇ.

ಬೆಂಗ್ರೆಯಲ್ಲಿ ಕಾಕ ಹೊಳೆದಡದ ಹೊಯಿಗೆಯ ಮೇಲೆ ಎಳೆದಿಟ್ಟ ದೋಣಿಯೊಂದರ ನೆರಳಿನಲ್ಲಿ ಕೂತು ವೈರಿನ ಸಿಪ್ಪೆ ಸುಲಿಯುತ್ತಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ‘ಬನ್ನಿ ಬಾಯಿ, ಕೂತುಕೊಳ್ಳಿ’ ಎಂದರು. ಚಿಕ್ಕಂದಿನಿಂದ ನನ್ನನ್ನು ನೀನು ಎನ್ನುತ್ತಿದ್ದವರು. ಆ ‘ಬನ್ನಿ’ ಕೇಳಿ ನನಗೆ ಅಳು ಬಂತು. ಮಣೆಯನ್ನು ಅವರ ಎದುರು ಇಟ್ಟು, ಕೂರದೆ, ನಿಂತೇ ಎಲ್ಲ ಹೇಳಿದೆ. ಎಣ್ಣೆ ಸುರಿದದ್ದು, ಪಪ್ಪನ ಹೆಸರು ಹೇಳಿದ್ದು, ಉಳಿದ ತುಂಡು ಸುಟ್ಟದ್ದು.

ಅವರು ಕೈಯಲ್ಲಿದ್ದ ವೈರನ್ನು ಸುತ್ತಿ ಬದಿಗಿಟ್ಟರು.

‘ಎಣ್ಣೆಯ ವಾಸನೆ ನನಗೆ ಆ ಭಾನುವಾರವೇ ಬಂದಿತ್ತು’ ಎಂದರು. ‘ಪೊರ್ಬುಗಳು ಜ್ವರದಲ್ಲಿ, ಕೈಯೂ ಸರಿ ಇಲ್ಲ, ಆಗದೆ ಎಣ್ಣೆ ಹಾಕಿದ್ದಾರೆ ಅಂತ ಗ್ರಹಿಸಿದೆ. ಅಷ್ಟು ಕೆಲಸ ಗೊತ್ತಿದ್ದವರಿಗೆ ನಾ ಎಂತ ಹೇಳುವುದು? ಒರೆಸಿದ್ರೆ ಸಾಕು ಅಂತ ಒರೆಸಿದೆ. ಆವತ್ತು ಕಾರು ತಂದಾಗಲೂ ಅಷ್ಟೇ. ಧಣಿಗಳ ಎದುರು, ಮಗಳ ಎದುರು, ಇದು ನಿಮ್ಮ ಕೈ ಅಂತ ಹೇಗೆ ಹೇಳುವುದು?’

‘ಅದಕ್ಕೇ ಒಪ್ಪಿದ್ದಾ?’

‘ತಪ್ಪು ತಮ್ಮದು ಅಂತ ಪೊರ್ಬುಗಳಿಗೆ ಒಳಗೆ ಗೊತ್ತುಂಟು ಅಂತ ನಾನು ತಿಳ್ಕೊಂಡದ್ದು. ಧಣಿಗಳಿಗೆ ಕಾಣಲಿ ಅಂತ ನನ್ನನ್ನು ಬೇಡ ಅಂದಿದ್ದಾರೆ, ಆಮೇಲೆ ಕರೀತಾರೆ. ಈ ತಿಂಗಳು ಕರೀತಾರೆ, ಬರುವ ತಿಂಗಳು ಕರೀತಾರೆ. ಹಾಗೆ ಕಾದೆ.’ ಅವರು ತಲೆ ಎತ್ತಿದರು. ‘ಪೊರ್ಬುಗಳಿಗೆ ಗೊತ್ತೇ ಇರಲಿಲ್ಲವಾ?’

‘ಇಲ್ಲ.’

‘ನನ್ನದೇ ತಪ್ಪು ಅಂತ ನಂಬಿಯೇ ಹೋದ್ರಾ?’

‘ಹೌದು’ ಎಂದೆ.

ಕಾಕ ಹೊಳೆಯ ಕಡೆ ತಿರುಗಿದರು. ಮತ್ತೆ ಮಾತಾಡಿದಾಗ ದನಿಯಲ್ಲಿ ಸಿಟ್ಟಿತ್ತು, ಆ ಸಿಟ್ಟಿನಲ್ಲಿ ಹಳೆಯ ನೀನು ತಿರುಗಿ ಬಂದಿತ್ತು. ‘ನಿನ್ನ ಕೈ ಅಂತ ಒಂದು ಮಾತು ಆ ಭಾನುವಾರ ಹೇಳಿದ್ರೆ ಎರಡು ಬೈದು ಆ ಪೈಪನ್ನು ಕಿತ್ತು ಬಿಸಾಡ್ತಿದ್ದೆ. ಇನ್ನೊಂದು ಕೊಯ್ಯಿಸ್ತಿದ್ದೆ. ಎಷ್ಟು ಹೊತ್ತಿನ ಕೆಲಸ ಬಾಯಿ? ಹತ್ತು ನಿಮಿಷ.’

ಹತ್ತು ನಿಮಿಷ ಎಂಬ ಆ ಮಾತು ನನ್ನನ್ನು ಇವತ್ತಿನವರೆಗೆ ಬಿಟ್ಟಿಲ್ಲ.

ನಾನು ಹೊರಡಲೆಂದು ಸೆರಗಿನಿಂದ ಮುಖ ಒರೆಸಿಕೊಂಡಾಗ ಅವರು ‘ನಿಲ್ಲು’ ಎಂದರು. ಎದ್ದು ಹೋಗಿ ಒಂದು ಮೊಳ ಉದ್ದದ ರಬ್ಬರ್ ಪೈಪನ್ನೂ ತೆಂಗಿನ ಗೆರಟೆಯಲ್ಲಿ ನೀರನ್ನೂ ಬಟ್ಟೆ ಒಗೆಯುವ ಸೋಪಿನ ತುಂಡನ್ನೂ ತಂದು ಮಣೆಯ ಪಕ್ಕ ಇಟ್ಟರು. ದೋಣಿಯ ತಗಡಿನಲ್ಲಿ ವೈರು ಹೋಗಲು ಕೊರೆದ ತೂತನ್ನು ತೋರಿಸಿ, ‘ಇದಕ್ಕೆ ಬೇಕು. ಕೊಯ್ದು ಕೊಡು’ ಎಂದರು.

ಹೊಯಿಗೆಯಲ್ಲಿ ಕೂತು ಮಣೆಯನ್ನು ಕಾಲಿನಿಂದ ಅದುಮಿ ಹಿಡಿದೆ. ಸೋಪು ಕದಡಿದೆ, ಪೈಪಿನ ಬಾಗು ನೋಡಿದೆ, ಸರಳಿಗೆ ಪೋಣಿಸಿದೆ. ತುಟಿಯಲ್ಲಿ ಪಪ್ಪನ ಪ್ರಾರ್ಥನೆ ತಾನಾಗಿ ಬಂತು. ಅದು ಮುಗಿಯುವವರೆಗೆ ಕಾಕ ತಲೆ ತಗ್ಗಿಸಿ ನಿಂತಿದ್ದರು. ಸೀಳು ನೇರ ಬಂತು. ತೊಳೆದು, ಒರೆಸಿ, ಅವರ ಕೈಗೆ ಕೊಟ್ಟೆ.

ಅವರು ಸೀಳಿನ ಬಾಯಿ ಅಗಲಿಸಿ ನೋಡಿದರು, ಬಿಟ್ಟರು, ಮುಚ್ಚಿಕೊಂಡಿತು. ಚಂದ ಬಂದಿದೆ ಎಂದು ತಲೆಯಾಡಿಸಿದರು. ಆಮೇಲೆ, ಕೂರಿಸುವ ಮೊದಲು, ನನ್ನ ಎದುರೇ ಅದನ್ನು ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿದರು.